ಎಸೆಯುವ ತುಂಡಿನಲ್ಲಿ ಒಂದು ಅಕ್ಷರ ತಪ್ಪಿದರೆ ರಕ್ತವೇಕೆ ಕೆಡಬೇಕು?

ಪ್ರಶ್ನೆ: ನನ್ನ ತಂಗಿಯ ಹತ್ತು ತಿಂಗಳ ಮಗಳಿಗೆ ಬೀಟಾ ಥಲಸ್ಸೇಮಿಯಾ ಮೇಜರ್ ಇದೆಯೆಂದು ಮಂಗಳೂರಿನಲ್ಲಿ ತಪಾಸಣೆ ಮಾಡಿಸಿದಾಗ ತಿಳಿಯಿತು. ವಂಶವಾಹಿ ಪರೀಕ್ಷೆಯ ವರದಿಯಲ್ಲಿ ‘ಐವಿಎಸ್ 1-5, ಜಿ ಇದ್ದಲ್ಲಿ ಸಿ, ಎರಡೂ ಪ್ರತಿಗಳಲ್ಲಿ’ ಎಂದೂ, ಈ ಬದಲಾವಣೆ ಇಂಟ್ರಾನ್‌ನಲ್ಲಿದೆ ಎಂದೂ ಬರೆದಿದ್ದಾರೆ. ದ್ವಿತೀಯ ಪಿಯುಸಿಯಲ್ಲಿರುವ ನನ್ನ ಮಗ, ಇಂಟ್ರಾನ್ ಎಂದರೆ ಆರ್‌ಎನ್‌ಎಯಿಂದ ಕತ್ತರಿಸಿ ಎಸೆಯುವ ಭಾಗ, ಅದರಿಂದ ಪ್ರೊಟೀನ್ ತಯಾರಾಗುವುದಿಲ್ಲ ಎನ್ನುತ್ತಾನೆ. ಹಾಗಾದರೆ ಎಸೆಯುವ ತುಂಡಿನಲ್ಲಿ ಒಂದು ಅಕ್ಷರ ತಪ್ಪಿದ ಮಾತ್ರಕ್ಕೆ ಮಗುವಿಗೆ ತಿಂಗಳು ತಿಂಗಳು ರಕ್ತ ಕೊಡಿಸಬೇಕಾದ ಸ್ಥಿತಿ ಹೇಗೆ ಬಂತು? ಮಗು ಹುಟ್ಟಿದ ಮೇಲೆ ಐದಾರು ತಿಂಗಳು ಚೆನ್ನಾಗಿಯೇ ಇತ್ತಲ್ಲ, ಅದೇಕೆ? ಆರ್‌ಎನ್‌ಎಯನ್ನೇ ಸರಿಪಡಿಸುವ ಔಷಧಿ ಇದೆಯೇ? (ಓದುಗರೊಬ್ಬರು, ಕುಂದಾಪುರ)

ಉತ್ತರ: ಮಾನ್ಯರೇ, ನಿಮ್ಮ ಮಗ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಕತ್ತರಿಸಿ ಎಸೆಯಬೇಕಾದ ಭಾಗ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ತೋರಿಸುವ ಗುರುತಿನ ಬಹುಪಾಲು ಆ ಭಾಗದ ಒಳಗೇ ಇದೆ, ಮತ್ತು ಮಗುವಿನಲ್ಲಿ ಬದಲಾಗಿರುವ ಅಕ್ಷರ ಆ ಗುರುತಿಗೆ ಸೇರಿದ್ದು. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೊಟೀನ್ ಎಂದು ಎರಡು ಬಾಣಗಳಲ್ಲಿ ಬರೆದು ಮುಗಿಸುವಾಗ ನಡುವೆ ನಡೆಯುವ ಈ ಕೆಲಸ ಕಣ್ಣಿಗೆ ಬೀಳುವುದಿಲ್ಲ. ನಾನು ಮಂಗಳೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಜೀವರಸಾಯನಶಾಸ್ತ್ರ ಕಲಿಸುವವನು. ಈ ನಡುವಿನ ಭಾಗವನ್ನು ಅವಸರದಲ್ಲಿ ದಾಟಿಸಿಬಿಡುವುದು ನಮ್ಮ ಪಾಠಗಳ ದೊಡ್ಡ ಕೊರತೆ ಎಂದು ನನಗೆ ಅನಿಸಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೀಮೋಗ್ಲೋಬಿನ್‌ನಲ್ಲಿ ಆಲ್ಫಾ ಎಂಬ ಎರಡು ಸರಪಳಿಗಳೂ ಬೀಟಾ ಎಂಬ ಎರಡು ಸರಪಳಿಗಳೂ ಇರುತ್ತವೆ. ಆಲ್ಫಾದ ವಂಶವಾಹಿ 16ನೆಯ ವರ್ಣತಂತುವಿನಲ್ಲಿ, ಬೀಟಾದ್ದು 11ನೆಯದರಲ್ಲಿ. ಈ ಕಾಯಿಲೆಯಲ್ಲಿ ಕೊರತೆಯಾಗುವುದು ಬೀಟಾ ಸರಪಳಿ; ಅದು 146 ಅಮೈನೋ ಆಮ್ಲಗಳದ್ದು. ಒಂದೊಂದು ಅಮೈನೋ ಆಮ್ಲಕ್ಕೆ ಮೂರು ಅಕ್ಷರಗಳ (ಡಿಎನ್‌ಎಯ ಎ, ಟಿ, ಜಿ, ಸಿ ಎಂಬ ಘಟಕಗಳನ್ನೇ ಅಕ್ಷರಗಳೆನ್ನುತ್ತಿದ್ದೇನೆ) ಒಂದು ಸಂಕೇತ ಎಂಬ ಲೆಕ್ಕದಲ್ಲಿ ಇದಕ್ಕೆ 450ರ ಆಸುಪಾಸಿನಷ್ಟು ಅಕ್ಷರಗಳು ಸಾಕು. ಆದರೆ ಬೀಟಾ ವಂಶವಾಹಿಯ ಉದ್ದ ಸುಮಾರು 1600 ಅಕ್ಷರ. ಅದರ ನಡುವೆ 130 ಅಕ್ಷರಗಳ ಒಂದು ಇಂಟ್ರಾನ್, ಸುಮಾರು 850 ಅಕ್ಷರಗಳ ಇನ್ನೊಂದು ಇಂಟ್ರಾನ್ ಇವೆ. ವರದಿಯಲ್ಲಿರುವ ‘ಐವಿಎಸ್ 1-5’ ಎಂದರೆ ಮೊದಲನೆಯ ಇಂಟ್ರಾನ್‌ನ ಐದನೆಯ ಅಕ್ಷರ ಎಂದರ್ಥ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾಕ್ಕೆ ಅತಿ ಹೆಚ್ಚಾಗಿ ಕಂಡುಬರುವ ಕಾರಣ ಇದೇ. ನಿಮ್ಮ ಮನೆತನದಲ್ಲಿ ಮಾತ್ರ ಕಾಣಿಸಿಕೊಂಡ ವಿಚಿತ್ರ ದೋಷ ಇದಲ್ಲ ಎಂಬುದನ್ನು ನಿಮ್ಮ ತಂಗಿಗೆ ದಯವಿಟ್ಟು ತಿಳಿಸಿ.

ಡಿಎನ್‌ಎ ನೇರವಾಗಿ ಪ್ರೊಟೀನ್ ತಯಾರಿಸುವುದಿಲ್ಲ, ಅದು ಕೋಶಕೇಂದ್ರ ಬಿಟ್ಟು ಹೊರಗೆ ಬರುವುದೂ ಇಲ್ಲ. ಒಂದು ಕೋಶದಲ್ಲಿ ಬೀಟಾ ವಂಶವಾಹಿಗೆ ಇರುವುದು ಎರಡೇ ಪ್ರತಿಗಳು, ತಾಯಿಯಿಂದ ಬಂದದ್ದೊಂದು, ತಂದೆಯಿಂದ ಬಂದದ್ದೊಂದು. ಆದರೆ ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹೀಮೋಗ್ಲೋಬಿನ್ ಅಣುಗಳಿರುತ್ತವೆ. ಎರಡು ಪ್ರತಿಗಳಿಂದ ಇಷ್ಟೊಂದು ಸರಕು ತಯಾರಾಗಬೇಕಾದರೆ, ಮೊದಲು ಆ ವಂಶವಾಹಿಯಿಂದ ಸಾವಿರಾರು ನಕಲುಗಳಾಗಬೇಕು. ಆಮೇಲೆ ಒಂದೊಂದು ನಕಲನ್ನೂ ಪ್ರೊಟೀನ್ ಜೋಡಿಸುವ ಯಂತ್ರಗಳಾದ ಹಲವಾರು ರೈಬೋಸೋಮ್‌ಗಳು ಮತ್ತೆ ಮತ್ತೆ ಓದಬೇಕು. ಆ ನಕಲೇ ಸಂದೇಶವಾಹಕ ಆರ್‌ಎನ್‌ಎ. ಅದರಲ್ಲಿ ಟಿ ಅಕ್ಷರದ ಜಾಗದಲ್ಲಿ ಯು ಇರುತ್ತದೆ, ಸಕ್ಕರೆಯ ಭಾಗದಲ್ಲಿ ಒಂದು ಆಮ್ಲಜನಕ ಹೆಚ್ಚಿರುತ್ತದೆ. ಆ ಒಂದು ಆಮ್ಲಜನಕದ ದೆಸೆಯಿಂದ ಆರ್‌ಎನ್‌ಎ ಬೇಗ ಮುರಿಯುತ್ತದೆ. ಇದನ್ನು ಕುಂದು ಎಂದು ತಿಳಿಯಬಾರದು. ಬೇಡವಾದಾಗ ನಕಲನ್ನು ನಾಶಮಾಡಿ ತಯಾರಿಯನ್ನು ನಿಲ್ಲಿಸಲು ಕೋಶಕ್ಕೆ ಸಾಧ್ಯವಾಗುವುದು ಅದು ಅಳಿಯುವಂಥದ್ದು ಎಂಬ ಕಾರಣಕ್ಕೇ.

ಆರ್‌ಎನ್‌ಎ ಕಣ್ಣಿಗೆ ಕಾಣುವಂಥದ್ದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಂದು ರೀತಿಯಲ್ಲಿ ಕಾಣುತ್ತದೆ. ಎರಡು ಮೂರು ಹನಿ ರಕ್ತಕ್ಕೆ ಅಷ್ಟೇ ಪ್ರಮಾಣದ ನ್ಯೂ ಮೆಥಿಲೀನ್ ಬ್ಲೂ ಬಣ್ಣ ಬೆರೆಸಿ, ದೇಹದ ಶಾಖದಲ್ಲಿ ಕಾಲು ಗಂಟೆ ಇಟ್ಟು, ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು, ಸೂಕ್ಷ್ಮದರ್ಶಕದ ಅತಿ ದೊಡ್ಡ ಮಸೂರದಡಿ ನೋಡಿದರೆ, ನೂರು ಕೆಂಪು ಕಣಗಳಲ್ಲಿ ಒಂದೋ ಎರಡೋ ಕಣಗಳ ಒಳಗೆ ನೀಲಿಯ ಎಳೆಗಳು ಮೀನಿನ ಬಲೆಯ ಹರಿದ ತುಂಡಿನಂತೆ ಕಾಣುತ್ತವೆ. ಇವು ಅಸ್ಥಿಮಜ್ಜೆಯಿಂದ ಆಗ ತಾನೇ ಹೊರಬಿದ್ದ ಎಳೆಯ ಕಣಗಳು, ರೆಟಿಕ್ಯುಲೋಸೈಟ್‌ಗಳು. ಆ ನೀಲಿ ಬಲೆ ಎಂದರೆ ರೈಬೋಸೋಮ್‌ಗಳ ಆರ್‌ಎನ್‌ಎ, ಬಣ್ಣ ಹಿಡಿದು ಗಂಟುಗಟ್ಟಿದ್ದು. ಈ ಕಣಗಳಲ್ಲಿ ಕೋಶಕೇಂದ್ರ ಇಲ್ಲ, ಅದನ್ನು ಮಜ್ಜೆಯಲ್ಲೇ ಹೊರಹಾಕಿ ಬಂದಿರುತ್ತವೆ. ಡಿಎನ್‌ಎ ಹೋದ ಮೇಲೂ ಇನ್ನೊಂದೆರಡು ದಿನ ಅವು ಹೀಮೋಗ್ಲೋಬಿನ್ ತಯಾರಿಸುತ್ತಲೇ ಇರುತ್ತವೆ, ಯಾಕೆಂದರೆ ಮೊದಲೇ ಮಾಡಿಟ್ಟ ಆರ್‌ಎನ್‌ಎ ನಕಲುಗಳು ಉಳಿದಿರುತ್ತವೆ. ಬೇಗ ಅಳಿಯುವ ಆರ್‌ಎನ್‌ಎಗಳ ನಡುವೆ ಗ್ಲೋಬಿನ್‌ನ ಆರ್‌ಎನ್‌ಎ ಅಸಾಧಾರಣವಾಗಿ ಗಟ್ಟಿ. ಪ್ರೊಟೀನ್ ತಯಾರಾಗುವ ಹೊತ್ತಿಗೆ ಡಿಎನ್‌ಎಯ ಇರವೇ ಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ತಿಳಿದಿಲ್ಲ. ಒಂದು ಬ್ಯಾಚಿನ ವಿದ್ಯಾರ್ಥಿಗಳಾದರೂ ಆ ನೀಲಿ ಬಲೆಯನ್ನು ನೋಡದೆ ಹೋಗಬಾರದು ಎಂಬುದು ನನ್ನ ಹಟ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ವಂಶವಾಹಿಯಿಂದ ಮೊದಲು ತಯಾರಾಗುವ ಆರ್‌ಎನ್‌ಎಯಲ್ಲಿ ಇಂಟ್ರಾನ್‌ಗಳೂ ಸೇರಿರುತ್ತವೆ. ಕೋಶಕೇಂದ್ರದೊಳಗೇ ಅವನ್ನು ಕತ್ತರಿಸಿ ತೆಗೆದು, ಉಳಿದ ತುಂಡುಗಳನ್ನು ಅಂದರೆ ಎಕ್ಸಾನ್‌ಗಳನ್ನು ಜೋಡಿಸಬೇಕು. ವಂಶವಾಹಿಗಳು ಹೀಗೆ ತುಂಡುತುಂಡಾಗಿವೆ ಎಂದು ಗೊತ್ತಾದದ್ದು 1977ರಲ್ಲಿ. ಅದಕ್ಕಾಗಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ನಮ್ಮ ಕರಾವಳಿಯವರಿಗೆ ಇದನ್ನು ಅರ್ಥಮಾಡಿಸಲು ನಾನು ಯಕ್ಷಗಾನದ ಕಾಲಮಿತಿ ಪ್ರದರ್ಶನವನ್ನು ನೆನಪಿಸುತ್ತೇನೆ. ರಾತ್ರಿಯಿಡೀ ಆಡುವ ಪ್ರಸಂಗವನ್ನು ಮೂರು ಗಂಟೆಗೆ ಇಳಿಸುವಾಗ ಭಾಗವತರು ಪ್ರಸಂಗದ ಪ್ರತಿಯಲ್ಲಿ ಬಿಡಬೇಕಾದ ಪದ್ಯಗಳ ಆದಿ ಅಂತ್ಯಗಳಿಗೆ ಗುರುತು ಹಾಕಿಕೊಂಡಿರುತ್ತಾರೆ. ‘ಇಲ್ಲಿಂದ ಬಿಡುವುದು’ ಎಂಬ ಗುರುತು ಅಳಿಸಿಹೋಯಿತು ಎಂದಿಟ್ಟುಕೊಳ್ಳಿ. ಬಿಡಬೇಕಾದ ಪದ್ಯಗಳಲ್ಲಿ ಒಂದಕ್ಷರವೂ ಕೆಟ್ಟಿಲ್ಲ, ಆಡಬೇಕಾದ ಪದ್ಯಗಳೂ ಸರಿಯಾಗಿಯೇ ಇವೆ, ಆದರೂ ಆಟ ಕೆಡುತ್ತದೆ.

ಕೋಶದಲ್ಲಿ ಆ ಗುರುತನ್ನು ಓದುವುದು ಇನ್ನೊಂದು ಆರ್‌ಎನ್‌ಎ. ಅದರ ಹೆಸರು ಯು1, ಪ್ರೊಟೀನ್ ತಯಾರಿಕೆಗೆ ಅದು ಸಂದೇಶ ಒಯ್ಯುವುದಿಲ್ಲ, ಅದರ ಕೆಲಸ ಗುರುತು ಹಿಡಿಯುವುದು. ಇಂಟ್ರಾನ್‌ನ ಮೊದಲ ಅಕ್ಷರಗಳೊಂದಿಗೆ ಮತ್ತು ಅದರ ಹಿಂದಿನ ಎಕ್ಸಾನ್‌ನ ಕೊನೆಯ ಎರಡು ಮೂರು ಅಕ್ಷರಗಳೊಂದಿಗೆ ಯು1ರ ಅಕ್ಷರಗಳು ಜೋಡಿಗೂಡುತ್ತವೆ: ಜಿ ಇದ್ದಲ್ಲಿ ಸಿ, ಎ ಇದ್ದಲ್ಲಿ ಯು. ಬೀಟಾ ವಂಶವಾಹಿಯ ಮೊದಲ ಇಂಟ್ರಾನ್ ‘ಜಿ ಯು ಯು ಜಿ ಜಿ ಯು’ ಎಂದು ಆರಂಭವಾಗುತ್ತದೆ. ಯು1ಕ್ಕೆ ಪೂರ್ತಿ ಹೊಂದುವ ಮಾದರಿ ‘ಜಿ ಯು ಎ ಎ ಜಿ ಯು’. ಎರಡನ್ನೂ ಮೇಲೆ ಕೆಳಗೆ ಬರೆದು ನೋಡಿದರೆ, ಆರೋಗ್ಯವಂತರಲ್ಲಿಯೂ ಈ ಜಾಗದ ಮೂರನೆಯ ಮತ್ತು ನಾಲ್ಕನೆಯ ಅಕ್ಷರಗಳು ಮಾದರಿಗೆ ಹೊಂದುವುದಿಲ್ಲ ಎಂಬುದು ಗೊತ್ತಾಗುತ್ತದೆ. ಹಿಡಿತ ಮೊದಲೇ ಸ್ವಲ್ಪ ಸಡಿಲ. ಅದನ್ನು ಉಳಿಸಿಕೊಟ್ಟ ಅಕ್ಷರಗಳಲ್ಲಿ ಐದನೆಯ ಜಿ ಮುಖ್ಯವಾದದ್ದು. ಅದು ಯು1ರ ಸಿ ಅಕ್ಷರದೊಂದಿಗೆ ಮೂರು ಹೈಡ್ರೋಜನ್ ಬಂಧಗಳಿಂದ ಬಿಗಿದುಕೊಳ್ಳುತ್ತದೆ. ಮಗುವಿನಲ್ಲಿ ಬದಲಾಗಿರುವುದು ಅದೇ ಅಕ್ಷರ. ಜಿ ಹೋಗಿ ಸಿ ಬಂದಾಗ ಸಿಗೆದುರಾಗಿ ಸಿ ನಿಲ್ಲುತ್ತದೆ, ಜೋಡಿಯಾಗುವುದಿಲ್ಲ.

ಆಗ ಕತ್ತರಿಸುವ ಯಂತ್ರ ಸುಮ್ಮನೆ ಕೂರುವುದಿಲ್ಲ. ಹತ್ತಿರದಲ್ಲಿ ಸ್ವಲ್ಪ ಅಂಥದ್ದೇ ಕಾಣುವ ಜಾಗಗಳನ್ನು ಹಿಡಿದು ಅಲ್ಲಿ ಕತ್ತರಿಸುತ್ತದೆ. ಅಂಥ ಮೂರು ಜಾಗಗಳು ಪತ್ತೆಯಾಗಿವೆ: ಸರಿಯಾದ ಜಾಗಕ್ಕಿಂತ 38 ಅಕ್ಷರ ಹಿಂದೆ ಒಂದು, 16 ಅಕ್ಷರ ಹಿಂದೆ ಇನ್ನೊಂದು, 13 ಅಕ್ಷರ ಮುಂದೆ ಮತ್ತೊಂದು. ಮೊದಲಿನ ಎರಡರಲ್ಲಿ ಕತ್ತರಿಸಿದರೆ ಬೇಕಾದ ಎಕ್ಸಾನ್‌ನ ಬಾಲ ಹೋಗುತ್ತದೆ, ಮೂರನೆಯದರಲ್ಲಾದರೆ ಬೇಡದ 13 ಅಕ್ಷರಗಳು ಸಂದೇಶದಲ್ಲಿ ಉಳಿಯುತ್ತವೆ. ಕೆಲವು ಅಮೈನೋ ಆಮ್ಲಗಳು ಹೆಚ್ಚುಕಡಿಮೆಯಾದರೆ ಅಷ್ಟೇನು ನಷ್ಟ ಎಂದು ನೀವು ಕೇಳಬಹುದು. ನಷ್ಟ ಇರುವುದು ಆ ಸಂಖ್ಯೆಗಳ ಸ್ವಭಾವದಲ್ಲಿ.

ರೈಬೋಸೋಮ್ ಸಂದೇಶವನ್ನು ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ನಡುವೆ ಅಲ್ಪವಿರಾಮ ಇಲ್ಲ, ಪದಗಳ ನಡುವೆ ಜಾಗ ಇಲ್ಲ. ನಿಮ್ಮ ಮಗನಿಗೆ ಈ ಕನ್ನಡ ವಾಕ್ಯ ಬರೆದು ತೋರಿಸಿ: ‘ಅವಳು ನಮಗೆ ಹೂವನು ತಂದಳು.’ ಪ್ರತಿ ಪದದಲ್ಲೂ ಮೂರೇ ಅಕ್ಷರ. ಇದರಿಂದ ‘ನಮಗೆ’ ಎಂಬ ಮೂರು ಅಕ್ಷರಗಳನ್ನು ತೆಗೆದರೆ ‘ಅವಳು ಹೂವನು ತಂದಳು’ ಎಂದು ಉಳಿಯುತ್ತದೆ, ಅರ್ಥ ಸ್ವಲ್ಪ ತಗ್ಗಿತೇ ಹೊರತು ಕೆಡಲಿಲ್ಲ. ಅದೇ ವಾಕ್ಯದಿಂದ ‘ವ’ ಎಂಬ ಒಂದೇ ಅಕ್ಷರ ತೆಗೆದು, ಮತ್ತೆ ಮೂರು ಮೂರಾಗಿ ಬಿಡಿಸಿ ಓದಿ: ‘ಅಳುನ ಮಗೆಹೂ ವನುತಂ ದಳು.’ ಒಂದು ಪದವೂ ಉಳಿಯಲಿಲ್ಲ. ಮೂರು ಅಕ್ಷರ ಕಳೆದದ್ದಕ್ಕಿಂತ ಒಂದು ಅಕ್ಷರ ಕಳೆದದ್ದು ಹೆಚ್ಚಿನ ಹಾನಿ. ಈಗ 38, 16, 13 ಈ ಮೂರನ್ನೂ ಮೂರರಿಂದ ಭಾಗಿಸಲು ಹೇಳಿ. ಒಂದೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಅಂದರೆ ಯಾವ ತಪ್ಪು ಜಾಗದಲ್ಲಿ ಕತ್ತರಿಸಿದರೂ ಅಲ್ಲಿಂದಾಚೆಗಿನ ಓದು ಪೂರ್ತಿ ಕೆಡುತ್ತದೆ. ಭಾರತದಲ್ಲಿ ಸಾಮಾನ್ಯವಾಗಿ ಕಾಣುವ ಇನ್ನೆರಡು ಥಲಸ್ಸೇಮಿಯಾ ದೋಷಗಳಲ್ಲಿ, ಒಂದರಲ್ಲಿ 8 ಮತ್ತು 9ನೆಯ ಸಂಕೇತಗಳ ನಡುವೆ ಒಂದು ಅಕ್ಷರ ಹೆಚ್ಚಿದೆ, ಇನ್ನೊಂದರಲ್ಲಿ 41 ಮತ್ತು 42ನೆಯ ಸಂಕೇತಗಳಲ್ಲಿ ನಾಲ್ಕು ಅಕ್ಷರ ಕಳೆದಿವೆ. ಅವುಗಳ ಕಥೆಯೂ ಇದೇ.

ಹೀಗೆ ಕೆಟ್ಟ ಓದಿನಲ್ಲಿ ಸ್ವಲ್ಪ ದೂರ ಸಾಗುವಷ್ಟರಲ್ಲಿ, ಬರಬಾರದ ಕಡೆ ನಿಲುಗಡೆಯ ಸಂಕೇತ ಎದುರಾಗುತ್ತದೆ. ಯುಎಎ, ಯುಎಜಿ, ಯುಜಿಎ ಎಂಬ ಮೂರಕ್ಕೆ ಯಾವ ಅಮೈನೋ ಆಮ್ಲವೂ ಇಲ್ಲ. ಅವು ಬಂದರೆ ಅಲ್ಲಿಗೆ ತಯಾರಿ ಮುಗಿಯುತ್ತದೆ. ಸಂದೇಶದ ಅರ್ಧದಾರಿಯಲ್ಲೇ ನಿಲುಗಡೆ ಇರುವಂಥ ಆರ್‌ಎನ್‌ಎಗಳನ್ನು ಹುಡುಕಿ ನಾಶಮಾಡುವ ಏರ್ಪಾಡು ಕೋಶದಲ್ಲಿದೆ. ಮೊಟಕಾದ ಪ್ರೊಟೀನ್ ತಯಾರಾಗಿ ತೊಂದರೆ ಕೊಡುವುದಕ್ಕಿಂತ ನಕಲೇ ಇಲ್ಲದಿರುವುದು ಲೇಸು ಎಂಬ ಲೆಕ್ಕಾಚಾರ ಅದು. ಆದ್ದರಿಂದ ಮಗುವಿನ ಕೋಶಗಳಲ್ಲಿ ಬೀಟಾ ವಂಶವಾಹಿಯಿಂದ ನಕಲು ತೆಗೆಯುವ ಕೆಲಸ ಸರಿಯಾಗಿಯೇ ನಡೆಯುತ್ತಿದ್ದರೂ, ರೈಬೋಸೋಮ್ ತನಕ ತಲುಪುವ ಒಳ್ಳೆಯ ಸಂದೇಶಗಳು ಬಹಳ ಕಡಿಮೆ. ಪೂರ್ತಿ ಇಲ್ಲವೆಂದಲ್ಲ. ಐದನೆಯ ಅಕ್ಷರ ಹೋದರೂ ಒಮ್ಮೊಮ್ಮೆ ಯು1 ಸರಿಯಾದ ಜಾಗವನ್ನೇ ಹಿಡಿಯುತ್ತದೆ. ಅದೇ ಇಂಟ್ರಾನ್‌ನ ಮೊದಲನೆಯ ಅಕ್ಷರವೇ ಬದಲಾದರೆ ಈ ಅಲ್ಪಸ್ವಲ್ಪವೂ ಸಿಗುವುದಿಲ್ಲ, ಬೀಟಾ ಸರಪಳಿ ಸೊನ್ನೆ.

ರೈಬೋಸೋಮ್‌ನ ವಿಷಯವನ್ನು ಇಲ್ಲಿ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಮಗುವಿನ ರೈಬೋಸೋಮ್‌ಗಳಲ್ಲಿ ಯಾವ ದೋಷವೂ ಇಲ್ಲ. ಸಾಗಣೆಯ ಆರ್‌ಎನ್‌ಎ ಎಂಬ ಇನ್ನೊಂದು ಬಗೆಯದು ಒಂದು ತುದಿಯಲ್ಲಿ ಅಮೈನೋ ಆಮ್ಲವನ್ನು ಹೊತ್ತು, ಇನ್ನೊಂದು ಕಡೆ ಸಂಕೇತದ ಮೂರು ಅಕ್ಷರಗಳಿಗೆ ಜೋಡಿಯಾಗುತ್ತದೆ. ಯಾವ ಮೂರಕ್ಕೆ ಯಾವ ಅಮೈನೋ ಆಮ್ಲ ಎಂಬುದರಲ್ಲಿ ಮೊದಲನೆಯದು 1961ರಲ್ಲಿ ಗೊತ್ತಾಯಿತು: ಮಾರ್ಷಲ್ ನೀರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯಿ ಬರಿಯ ಯು ಅಕ್ಷರಗಳ ಆರ್‌ಎನ್‌ಎ ಹಾಕಿದಾಗ ಬರಿಯ ಫಿನೈಲ್‌ಅಲನೀನ್‌ನ ಸರಪಳಿ ಬಂತು. ಉಳಿದ ಸಂಕೇತಗಳನ್ನು ಬಿಡಿಸುವುದರಲ್ಲಿ ದೊಡ್ಡ ಪಾಲು ಹರಗೋಬಿಂದ ಖೊರಾನಾ ಅವರದು. 1968ರ ನೊಬೆಲ್ ಅವರಿಗೂ ನೀರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಅವರಿಗೂ ಸಂದಿತು. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸ ಮಾಡುವುದು ರೈಬೋಸೋಮ್‌ನ ಪ್ರೊಟೀನ್‌ಗಳಲ್ಲ, ಅದರ ಆರ್‌ಎನ್‌ಎ. ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರೂ ಥಾಮಸ್ ಸ್ಟೈಟ್ಜ್, ಆಡಾ ಯೋನಾಥ್ ಅವರೂ ರೈಬೋಸೋಮ್‌ನ ರಚನೆ ಬಿಡಿಸಿದ್ದಕ್ಕೆ 2009ರಲ್ಲಿ ನೊಬೆಲ್ ಪಡೆದರು. ಮನುಷ್ಯರ ಕೋಶದಲ್ಲಿ ರೈಬೋಸೋಮ್ ಸೆಕೆಂಡಿಗೆ ಐದರಷ್ಟು ಅಮೈನೋ ಆಮ್ಲ ಸೇರಿಸುತ್ತದೆ ಎಂಬ ಲೆಕ್ಕದಲ್ಲಿ ಒಂದು ಬೀಟಾ ಸರಪಳಿಗೆ ಅರ್ಧ ನಿಮಿಷ ಸಾಕು. ಸಂದೇಶ ಸರಿಯಾಗಿ ತಲುಪಿದರೆ ತಯಾರಿಗೆ ಹೊತ್ತು ಹಿಡಿಯುವುದಿಲ್ಲ.

ಬೀಟಾ ಕಡಿಮೆಯಾದಾಗ ಹೀಮೋಗ್ಲೋಬಿನ್ ಕಡಿಮೆಯಾಗುವುದು ತೊಂದರೆಯ ಒಂದು ಭಾಗ ಮಾತ್ರ. ಆಲ್ಫಾ ಸರಪಳಿಗಳು ಎಂದಿನಂತೆ ತಯಾರಾಗುತ್ತಲೇ ಇರುತ್ತವೆ; ಜೊತೆ ಸಿಗದ ಆಲ್ಫಾ ಕೋಶದೊಳಗೆ ಹೆಪ್ಪುಗಟ್ಟಿ ಅದರ ಪೊರೆಗೆ ಹಾನಿ ಮಾಡುತ್ತದೆ. ಹೀಗೆ ಬಹುಪಾಲು ಎಳೆಯ ಕಣಗಳು ಮಜ್ಜೆ ಬಿಟ್ಟು ಹೊರಬರುವ ಮೊದಲೇ ಸಾಯುತ್ತವೆ. ಮಗು ಬಿಳುಚಿಕೊಳ್ಳುವುದಕ್ಕೂ ಗುಲ್ಮ ದೊಡ್ಡದಾಗುವುದಕ್ಕೂ ಇದು ಮೂಲ.

ಮಗು ಮೊದಲಿನ ಐದಾರು ತಿಂಗಳು ಚೆನ್ನಾಗಿದ್ದುದರ ಕಾರಣವೂ ಇಲ್ಲೇ ಇದೆ. ಗರ್ಭದಲ್ಲಿರುವಾಗ ಬೀಟಾದ ಜಾಗದಲ್ಲಿ ಗಾಮಾ ಎಂಬ ಸರಪಳಿ ಆಲ್ಫಾದ ಜೊತೆಗೂಡುತ್ತದೆ. ಗಾಮಾದ ವಂಶವಾಹಿ ಬೇರೆ, ಅದರಲ್ಲಿ ದೋಷವಿಲ್ಲ. ಹುಟ್ಟಿದ ಮೇಲೆ ಮೆಲ್ಲಮೆಲ್ಲನೆ ಗಾಮಾದಿಂದ ನಕಲು ತೆಗೆಯುವುದು ನಿಂತು ಬೀಟಾದಿಂದ ನಕಲು ತೆಗೆಯುವುದು ಹೆಚ್ಚುತ್ತದೆ. ಡಿಎನ್‌ಎಯಲ್ಲಿ ಒಂದಕ್ಷರವೂ ಬದಲಾಗದೆ, ಯಾವ ವಂಶವಾಹಿಯಿಂದ ಎಷ್ಟು ಆರ್‌ಎನ್‌ಎ ತಯಾರಾಗಬೇಕು ಎಂಬುದು ಮಾತ್ರ ಬದಲಾಯಿತು. ವಂಶವಾಹಿಯ ಅಭಿವ್ಯಕ್ತಿ ಎಂದು ನಾವು ಕರೆಯುವುದು ಇದನ್ನೇ. ಯಕೃತ್ತಿನ ಕೋಶದಲ್ಲೂ ಕಣ್ಣಿನ ಕೋಶದಲ್ಲೂ ಬೀಟಾ ವಂಶವಾಹಿ ಇದೆ, ಆದರೆ ಅಲ್ಲಿ ಅದರ ನಕಲು ತೆಗೆಯುವುದಿಲ್ಲ. ಆದ್ದರಿಂದ ಮಗುವಿನ ದೇಹದ ಪ್ರತಿಯೊಂದು ಕೋಶದಲ್ಲೂ ಈ ದೋಷವಿದ್ದರೂ ಅದರ ನೇರ ಪರಿಣಾಮ ಕಾಣುವುದು ಕೆಂಪು ಕಣಗಳಲ್ಲಿ ಮಾತ್ರ.

ಆರ್‌ಎನ್‌ಎಯನ್ನೇ ಸರಿಪಡಿಸಬಹುದೇ ಎಂಬ ನಿಮ್ಮ ಪ್ರಶ್ನೆ ಕಲ್ಪನೆಯದಲ್ಲ. ಬೆನ್ನುಹುರಿಯ ಸ್ನಾಯುಕ್ಷಯ ಎಂಬ ಬೇರೊಂದು ಕಾಯಿಲೆಯಲ್ಲಿ ನುಸಿನೆರ್ಸೆನ್ ಎಂಬ ಔಷಧಿ ಮಾಡುವುದು ಅದನ್ನೇ: ಆರ್‌ಎನ್‌ಎಗೆ ಅಂಟಿಕೊಂಡು, ಬಿಟ್ಟುಹೋಗುತ್ತಿದ್ದ ಎಕ್ಸಾನ್ ಒಂದನ್ನು ಸಂದೇಶದಲ್ಲಿ ಉಳಿಸುತ್ತದೆ. ಅಮೆರಿಕದಲ್ಲಿ 2016ರ ಡಿಸೆಂಬರ್‌ನಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಥಲಸ್ಸೇಮಿಯಾಕ್ಕೆ ಅಂಥ ಔಷಧಿ ಬಳಕೆಗೆ ಬಂದಿಲ್ಲ. ಬಂದಿರುವುದು ಬೇರೆ ದಾರಿ. ಗಾಮಾ ವಂಶವಾಹಿಯನ್ನು ಅದುಮಿಡುವ ಬಿಸಿಎಲ್11ಎ ಎಂಬ ಪ್ರೊಟೀನ್ ಕೆಂಪು ಕಣಗಳ ಮೂಲಕೋಶಗಳಲ್ಲಿ ಹೆಚ್ಚು ತಯಾರಾಗದಂತೆ ಡಿಎನ್‌ಎಯನ್ನು ತಿದ್ದಿ, ಆ ಕೋಶಗಳನ್ನು ರೋಗಿಗೇ ಮರಳಿ ಕೊಡುವ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಅನುಮತಿ ದೊರೆಯಿತು. ಹನ್ನೆರಡು ವರ್ಷ ತುಂಬಿದವರಿಗೆ ಸಿಕ್ಕ ಅನುಮತಿ ಅದು, ಖರ್ಚೂ ಅಪಾರ. ನಿಮ್ಮ ತಂಗಿಯ ಮಗುವಿಗೆ ಈಗ ಬೇಕಾಗಿರುವುದು ಕಾಲಕಾಲಕ್ಕೆ ತಪ್ಪದೆ ರಕ್ತ, ಅದರಿಂದ ದೇಹದಲ್ಲಿ ಸೇರುವ ಕಬ್ಬಿಣವನ್ನು ಹೊರಹಾಕುವ ಔಷಧಿ, ಮತ್ತು ಹೊಂದುವ ದಾನಿ ಸಿಕ್ಕರೆ ಅಸ್ಥಿಮಜ್ಜೆ ಕಸಿಯ ಬಗ್ಗೆ ತಜ್ಞರೊಂದಿಗೆ ಬೇಗನೆ ಮಾತುಕತೆ. ರಕ್ತ ಕಡಿಮೆ ಎಂದು ಯಾರೋ ಹೇಳಿದ ಮಾತಿಗೆ ಮಗುವಿಗೆ ಕಬ್ಬಿಣದ ಟಾನಿಕ್ ಕುಡಿಸಬೇಡಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಮಾತಿದೆ. ಮಗುವಿನ ಎರಡೂ ಪ್ರತಿಗಳಲ್ಲಿ ದೋಷವಿದೆ ಎಂದ ಮೇಲೆ ತಾಯಿ ತಂದೆ ಇಬ್ಬರೂ ವಾಹಕರು, ಅಂದರೆ ಇಬ್ಬರಲ್ಲೂ ಒಂದೊಂದು ಪ್ರತಿಯಲ್ಲಿ ಈ ದೋಷವಿದೆ. ಅವರ ಮುಂದಿನ ಪ್ರತಿ ಗರ್ಭದಲ್ಲೂ ಮಗುವಿಗೆ ಇದೇ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು; ಹತ್ತರಿಂದ ಹದಿಮೂರು ವಾರಗಳೊಳಗೆ ಪರೀಕ್ಷೆ ಮಾಡಿ ತಿಳಿಯಬಹುದು, ಬೇಕಾದ ವರದಿ ಈಗಾಗಲೇ ಕೈಯಲ್ಲಿದೆ. ನಿಮ್ಮ ತಂಗಿಗೆ ಈ ದೋಷ ಬಂದದ್ದು ನಿಮ್ಮ ತಂದೆಯಿಂದ ಅಥವಾ ತಾಯಿಯಿಂದ. ಹಾಗಾಗಿ ನೀವೂ ವಾಹಕರಾಗಿರುವ ಸಾಧ್ಯತೆ ಅರ್ಧದಷ್ಟು. ವಾಹಕರಾಗಿದ್ದರೂ ನಿಮ್ಮ ಆರೋಗ್ಯಕ್ಕೆ ಬಾಧೆಯಿಲ್ಲ, ಕಣಗಳ ಗಾತ್ರ ಸ್ವಲ್ಪ ಚಿಕ್ಕದು, ಅಷ್ಟೇ. ಒಂದು ಸಲ ರಕ್ತ ಕೊಟ್ಟು ಹೀಮೋಗ್ಲೋಬಿನ್‌ನ ಎ2 ಎಂಬ ಬಗೆ ಎಷ್ಟಿದೆ ಎಂದು ನೋಡಿಸಿಕೊಳ್ಳಿ, ಶೇಕಡಾ 3.5ಕ್ಕಿಂತ ಹೆಚ್ಚಿದ್ದರೆ ವಾಹಕರಿರುವ ಸಂಭವ ಬಲವಾಗಿದೆ. ನಿಮ್ಮ ಪತ್ನಿಯ ರಕ್ತವನ್ನೂ ಅದೇ ದಿನ ಪರೀಕ್ಷೆಗೆ ಕೊಡಿ. ನಿಮ್ಮಿಬ್ಬರಲ್ಲಿ ಯಾರದ್ದಾದರೂ ಹಾಗೆ ಬಂದರೆ ಮಗನ ರಕ್ತವನ್ನೂ ಪರೀಕ್ಷಿಸಿ, ಆ ವರದಿಯನ್ನು ಅವನ ಮದುವೆಯ ಮಾತು ಬರುವ ಕಾಲಕ್ಕೆ ಜೋಪಾನವಾಗಿ ಇಟ್ಟುಕೊಳ್ಳಿ.